ಪರ್ಸಿ ಖಣಿಯ ನೀರು

ಕಲಬುರಗಿ ದವಾಖಾನಿಯ ಬೆಳಕಿನ ಹಲಗಿ ಮ್ಯಾಲ
ಅಪ್ಪನ ತಲಿ ಸೀಳು ಸೀಳಾಗಿ ತೂಗಿತ್ತು.
"ನಡುವಿನ ಈ ತಗ್ಗು ನೋಡ್ರಿ, ಇಷ್ಟು ಅಗಲ ಇರಬಾರದು.
ದಂಡಿ ಸವದದ. ಸವದ ಜಾಗಾದಾಗ ನೀರು ತುಂಬ್ಯದ"
ಅಂದರು ಡಾಕ್ಟರು.
ನಾ ಶಹಾಬಾದದಾಕಿ. ನನಗ ತಿಳೀತು.
ನಮ್ಮ ಮನಿ ಹಿಂದಿನ ಖಣಿಗೂ ಹಿಂಗೇ ಆಗ್ಯದ:
ಪದರು ಪದರು ಎಬ್ಬಿಸಿ ಒಯ್ದರು,
ಕಲ್ಲು ಹೋದಲ್ಲಿ ನೀರು ಬಂದು ಕುಂತದ,
ಹಸರು, ಸುಮ್ಮಗ, ತಳಾ ಕಾಣದ್ದು.

ಮೊದಲು ಹೋದದ್ದು ಕೈಯಲ್ಲ.
ಕೈ ಕುಣೀಲಕತ್ತಿದ್ದು ನಾಕು ವರ್ಷ ಆದ ಮ್ಯಾಲ.
ಮೊದಲು ಹೋದದ್ದು ನಂಬಿಗಿ.
ದೇವೀಂದ್ರಪ್ಪ ಅಂದರ ಹನ್ನೆರಡು ಮಂದಿ ಪಗಾರ
ಚೀಟಿ ಇಲ್ಲದ ಬಾಯಿಲೇ ಲೆಕ್ಕಾ ಹೇಳಿ ಹಂಚುವಾಂವ;
ಅಂವ ಒಂದಿನ ಅವ್ವನ ರೊಟ್ಟಿ ಮುರದು
ಮೊದಲ ತುತ್ತು ನಾಯಿಗಿ ಹಾಕಿದ,
ನಾಯಿ ಸಾಯತದೇನು ಅಂತ ನೋಡಕೋತ ಕುಂತ.
ಅವ್ವ ಅವತ್ತು ಅಳಲಿಲ್ಲ.
ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ್ದು ಮಾತ್ರ ನೆನಪದ.

ಆಮ್ಯಾಲ ಚಿಲಕ. ರಾತ್ರಿ ಎದ್ದೆದ್ದು
ಹಾಕಿದ ಚಿಲಕ ತಗದು ಹಾಕಿ, ತಗದು ಹಾಕಿ.
ಆಮ್ಯಾಲ ಸಿಟ್ಟು. ಛಾದಾಗ ಸಕ್ರಿ ಕಮ್ಮಿ ಆದರ ಕಪ್ಪು ಗ್ವಾಡಿಗಿ.
ಆಮ್ಯಾಲ ಸಿಟ್ಟೂ ಇಲ್ಲ.
ಕಟ್ಟಿ ಮ್ಯಾಲ ಕೂಡಿಸಿದರ ಕಟ್ಟಿ ಮ್ಯಾಲೇ ಸಂಜಿ,
ಬಿಸಿಲು ಮಾರಿ ಮ್ಯಾಲ ಬಂದರೂ ಸರಿಯಂಗಿಲ್ಲ.
ಆ ಸಿಟ್ಟೇ ಛಲೋ ಇತ್ತು ಅಂತ ಅವ್ವ ಒಮ್ಮೆ ಅಂದಳು.

ಓಣ್ಯಾಗ ಏನೇನೋ ಅಂದರು.
ಕುಡದಾನ. ಗಾಳಿ ಬಡದದ. ಯಾರೋ ಮಾಡಿಸ್ಯಾರ.
ಸಾಯಿಬಣ್ಣ ಮುತ್ಯಾಗೂ ಹಿಂಗೇ ಅಂದಿದ್ದರಂತ.
ಒಂದು ಹನಿ ಸೆರೆ ಮುಟ್ಟದ ಮುತ್ಯಾ
ಕುಡುಕ ಅನ್ನಿಸಿಕೊಂಡೇ ಸತ್ತ.
ಕಸ್ತೂರಿ ಅತ್ತಿ ಖಣಿಯ ನೀರಿಗಿ ಇಳದಳು;
ಕಾಲು ಜಾರಿತು ಅಂತ ಮನ್ಯಾಗ ಹೇಳತೀವಿ.

ಡಾಕ್ಟರು ಬಿಡಿಸಿ ಹೇಳಿದರು: ನೆತ್ತರದ ಬರಹದಾಗ
ಮೂರಕ್ಷರದ ಒಂದು ಮಾತು
ಎಲ್ಲರೊಳಗ ಇಪ್ಪತ್ತರ ಆಜೂಬಾಜು ಬಂದು ನಿಲ್ಲತದ.
ನಿಮ್ಮಪ್ಪನೊಳಗ ನಿಲ್ಲಲಿಲ್ಲ.
ನಲವತ್ನಾಕು ಸಲ.
ಆಗ ಚಿಲಕದ ಸಪ್ಪಳ ಬಂತು ನನ್ನ ಕಿವ್ಯಾಗ.

ನಿಮಗಿಬ್ಬರಿಗೂ ಅರ್ಧ ಅರ್ಧ, ಅಂದರು.
ತಮ್ಮ ಅಂಬು ನಕ್ಕ: "ಹೊಲಾ ಹಂಚಿದಂಗೇನ್ರಿ?
ಒಬ್ಬರಿಗಿ ಬಂದರ ಇನ್ನೊಬ್ಬರಿಗಿ ಬಿಡತದೇನು?"
ಇಲ್ಲ ಅಂದರು. ಇಬ್ಬರಿಗೂ ಬರಬಹುದು.
ಇಬ್ಬರಿಗೂ ಬರದೇ ಇರಬಹುದು.
ಒಬ್ಬೊಬ್ಬರಿಗೂ ಬ್ಯಾರೆ ನಾಣ್ಯ ಚಿಮ್ಮಿದಂಗ.

ರಕ್ತ ಕೊಡೋ ಚೀಟಿ ತೊಗರಿ ಬ್ಯಾಳಿ ಡಬ್ಬಿ ಕೆಳಗ ಅದ.
ಅಂಬು ತಂದು ಹರದು ರೈಲ್ವೆ ಗೇಟಿನ ಹತ್ತರ ಒಗದ.
ಅವನ ಲಗ್ನದ ಮಾತು ನಡದದ. ಹುಡುಗಿ ಮನಿಗಿ
ಯಾರು ಹೇಳಬೇಕು, ಏನಂತ ಹೇಳಬೇಕು?
ಅದಕ್ಕೇ ನಿನ್ನೆ ಜಗಳಾ ಆಯಿತು.
ನಾ ತಾಟು ಎತ್ತಿ ಕುಕ್ಕಿದೆ.
ತಾಟು ಗಿರಗಿರ ತಿರಗಿ ನಿಂತಿತು.
ಅವ್ವ ನನ್ನ ಮಾರಿ ನೋಡಲಿಲ್ಲ,
ಕೈ ನೋಡಿದಳು.

ಮೂವತ್ತೊಂದು ವರ್ಷದ ಹೆಣ್ಣಿಗಿ
ಬರೇ ಸಿಟ್ಟು ಅನ್ನೋದು ಇಲ್ಲ ಇನ್ನ ಈ ಮನ್ಯಾಗ.
ತಾಟು ಒರಸಿ ಇಟ್ಟೆ.

ಅಪ್ಪಗ ನೀರು ಕುಡಿಸಲಿಕ್ಕ ಹೋದೆ.
ಅವನ ಬೆರಳು ಗಾಳ್ಯಾಗ ಏನೋ ಮೀಟತಿದ್ದವು.
ಉಳಿ ಹೊಡದಂಗ ಕಾಣತದ ಅಂತಾಳ ಅವ್ವ.
ನನಗ ಹಂಗ ಕಾಣಂಗಿಲ್ಲ. ಉಳಿಗಿ ಒಂದು ಗುರಿ ಇತ್ತು.
ಆ ಕೈ ಗಟ್ಟಿ ಹಿಡದೆ. ನನ್ನದೂ ಅದರ ಸಂಗಟ ಹೊಂಟಿತು,
ಮ್ಯಾಲ, ಕೆಳಗ, ಬಾಜೂಕ.

ಎಷ್ಟೋ ದಿನದ ಮ್ಯಾಲ ನನ್ನ ಹೆಸರು ಹಿಡದು ಕೇಳಿದ:
"ಚಂದಮ್ಮ, ಯಾಕವ್ವ,
ನಿನ್ನ ಕೈ ಹಿಂಗ ಅಳ್ಳಾಡ್ಲಕತ್ತದಲ್ಲ?"

ನಂದಲ್ಲಪ್ಪಾ ಅನಲಿಲ್ಲ.
ಲೋಟ ತುಟಿಗಿ ಹಿಡದೆ.
ನೀರು ಇಬ್ಬರ ಮ್ಯಾಲೂ ಚೆಲ್ಲಿತು.